ಎಕ್ಸೆಲ್ ಫೈಲಿನ ಭಾರ ಎಲ್ಲಿ ಅಡಗಿರುತ್ತದೆ

ಈಗ ನೀವು ನೋಡುತ್ತಿರುವುದು ಮಡಿಕೇರಿಯಲ್ಲಿ ನಾನು ಕೆಲಸ ಮಾಡುವ ಬೆಳೆಗಾರರ ಸಹಕಾರ ಸಂಘದ ಕಚೇರಿ. ಮೂಲೆಯ ಮೇಜಿನ ಕೆಳಗೆ, ಯುಪಿಎಸ್‌ನ ಪಕ್ಕದಲ್ಲಿರುವ ಆ ಕಪ್ಪು ಪೆಟ್ಟಿಗೆಯೇ ನಮ್ಮ ಸರ್ವರ್. ಸದಸ್ಯರ ಸಾಲದ ಲೆಕ್ಕ, ಗೊಬ್ಬರದ ದಾಸ್ತಾನು, ಅರೇಬಿಕಾ ಪಾರ್ಚ್‌ಮೆಂಟ್ ಮತ್ತು ರೊಬಸ್ಟಾ ಚೆರಿ ಎಂಬ ಕಾಫಿ ಬಗೆಗಳ ತೂಕದ ಪಟ್ಟಿ, ಇಂಚು ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೆಯ ಒಂದು ಭಾಗ) ಬರೆದಿಟ್ಟ ಮಳೆಯ ದಾಖಲೆ, ಎಲ್ಲವೂ ಅದರೊಳಗೆ ಎಕ್ಸೆಲ್ ಫೈಲುಗಳಾಗಿ ಕುಳಿತಿವೆ. ಡಿಸ್ಕ್ ತುಂಬುತ್ತಿದೆ ಎಂಬ ಸೂಚನೆ ಕಂಡಾಗ ಲೆಕ್ಕಪತ್ರ ನೋಡಿಕೊಳ್ಳುವ ಅಕ್ಕ ಕೇಳಿದ್ದು, "ಹಳೆಯ ವರ್ಷಗಳ ಶೀಟುಗಳನ್ನು ಅಳಿಸಿಬಿಡೋಣವಾ?" ಎಂದು. ಹೆಚ್ಚಿನ ಕಚೇರಿಗಳಲ್ಲಿ ಮೊದಲು ಹೊಳೆಯುವ ಉಪಾಯ ಇದೇ ಆಗಿರುತ್ತದೆ. ಆದರೆ ಬೇರೆಲ್ಲವನ್ನೂ ಪರೀಕ್ಷಿಸುವವರೆಗೆ ಹಳೆಯ ದಾಖಲೆಯ ಮೇಲೆ ಕೈ ಇಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾರಣ ಸರಳವಾಗಿದೆ. ಒಂದು ತೋಟದ ಮಳೆಯನ್ನು ದಿನಕ್ಕೊಂದು ಸಂಖ್ಯೆಯಂತೆ 50 ವರ್ಷ ಬರೆದಿಟ್ಟರೂ ಒಟ್ಟು ಸಂಖ್ಯೆಗಳು ಸುಮಾರು 18,000 ಮಾತ್ರ. ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಫೋಟೊ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಯಾವ ವರ್ಷ ಕಾಫಿಯ ಹೂ ಅರಳಿಸುವ ಹೂಮಳೆ ಯಾವಾಗ ಬಿತ್ತು, ಆ ವರ್ಷ ಫಸಲು ಎಷ್ಟು ಬಂತು ಎಂಬುದನ್ನು ಹೇಳಬಲ್ಲ ದಾಖಲೆಯನ್ನು ಅಷ್ಟು ಸಣ್ಣ ಉಳಿತಾಯಕ್ಕಾಗಿ ಕಳೆದುಕೊಂಡರೆ ಮತ್ತೆ ಎಲ್ಲಿಂದಲೂ ತರಲಾಗುವುದಿಲ್ಲ. ಆದ್ದರಿಂದ ಏನನ್ನು ಅಳಿಸಬೇಕು ಎಂದು ಕೇಳುವ ಮೊದಲು ಭಾರ ಎಲ್ಲಿದೆ ಎಂದು ಹುಡುಕಬೇಕು.

ಹುಡುಕುವ ಬಗೆಯನ್ನು ತೆರೆಯ ಮೇಲೆ ತೋರಿಸುತ್ತೇನೆ. 2007ರ ಆವೃತ್ತಿಯಿಂದ ಎಕ್ಸೆಲ್ ಬಳಸುತ್ತಿರುವ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲು ವಾಸ್ತವದಲ್ಲಿ ಒಂದು ಜಿಪ್ ಕಟ್ಟು, ಅಂದರೆ ಹಲವು ಫೈಲುಗಳನ್ನು ಒತ್ತಿ ಒಂದಾಗಿ ಕಟ್ಟಿದ ಗಂಟು. ಫೈಲಿನ ಒಂದು ಪ್ರತಿ ಮಾಡಿಕೊಂಡು, ಆ ಪ್ರತಿಯ ಹೆಸರಿನ ಕೊನೆಯ ಭಾಗವನ್ನು ಜಿಪ್ ಎಂದು ಬದಲಾಯಿಸಿ ತೆರೆದರೆ ಒಳಗಿನ ಫೋಲ್ಡರುಗಳೆಲ್ಲ ಕಾಣುತ್ತವೆ. ಎಕ್ಸ್‌ಎಲ್ ಎಂಬ ಫೋಲ್ಡರಿನೊಳಗೆ ವರ್ಕ್‌ಶೀಟ್ಸ್ ಎಂಬಲ್ಲಿ ಒಂದೊಂದು ಶೀಟಿಗೂ ಒಂದೊಂದು ಎಕ್ಸ್‌ಎಂಎಲ್ (ಗುರುತುಪದಗಳೊಡನೆ ಬರೆದ ಪಠ್ಯ) ಫೈಲು, ಮೀಡಿಯಾ ಎಂಬಲ್ಲಿ ಚಿತ್ರಗಳು, ಪಿವೋಟ್ ಕ್ಯಾಶ್ ಎಂಬಲ್ಲಿ ಪಿವೋಟ್ ಟೇಬಲ್ಲುಗಳಿಗಾಗಿ (ದೊಡ್ಡ ಪಟ್ಟಿಯ ಸಾರಾಂಶ ತೋರಿಸುವ ಕೋಷ್ಟಕಗಳಿಗಾಗಿ) ಎಕ್ಸೆಲ್ ಇಟ್ಟುಕೊಂಡ ದತ್ತಾಂಶದ ನಕಲು ಇರುತ್ತದೆ. ಇವುಗಳ ಗಾತ್ರವನ್ನು ಒಮ್ಮೆ ನೋಡಿದರೆ ಸಾಕು, ಊಹೆಯ ಅಗತ್ಯವೇ ಉಳಿಯುವುದಿಲ್ಲ. ಈ ಒಂದು ಕ್ರಮವನ್ನು ಕಚೇರಿಯಲ್ಲಿ ಕಂಪ್ಯೂಟರ್ ಮುಟ್ಟುವ ಪ್ರತಿಯೊಬ್ಬರೂ ಕಲಿಯಬೇಕೆಂದು ನಾನು ಬಯಸುತ್ತೇನೆ.

ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡದಾಗಿದ್ದ ಫೈಲನ್ನು ಹೀಗೆ ಬಿಚ್ಚಿದಾಗ ಮುಕ್ಕಾಲುಪಾಲು ಭಾರ ಮೀಡಿಯಾ ಫೋಲ್ಡರಿನಲ್ಲಿತ್ತು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದ ನಂತರ ತೋಟಗಳಿಗಾದ ಹಾನಿಯನ್ನು ಸದಸ್ಯರವಾರು ಪಟ್ಟಿ ಮಾಡಿದ ಫೈಲು ಅದು. ಒಂದು ಸಾಲಿನಲ್ಲಿ ಸದಸ್ಯರ ಹೆಸರು, ಸರ್ವೆ ನಂಬರು, ಹಾನಿಯಾದ ಎಕರೆ, ಅದರ ಪಕ್ಕದ ಕೋಶದಲ್ಲಿ ಅಂಚೆಚೀಟಿಯಷ್ಟು ಚಿಕ್ಕದಾಗಿ ಕಾಣುವ ಒಂದು ಫೋಟೊ. ಚಿತ್ರದ ಮೂಲೆ ಹಿಡಿದು ಎಳೆದು ಚಿಕ್ಕದು ಮಾಡಿದರೆ ಕಣ್ಣಿಗೆ ಮಾತ್ರ ಚಿಕ್ಕದಾಗುತ್ತದೆ. ಕ್ಯಾಮೆರಾದಿಂದ ಬಂದ ಪೂರ್ತಿ ಚಿತ್ರ ಎಷ್ಟೋ ಬಾರಿ ಒಳಗೆ ಹಾಗೆಯೇ ಉಳಿದಿರುತ್ತದೆ. ಕತ್ತರಿಸಿ ತೆಗೆದ ಅಂಚುಗಳೂ ಉಳಿದಿರುತ್ತವೆ. ಜೆಪೆಗ್ ಚಿತ್ರ ಮೊದಲೇ ಸಂಕುಚಿತವಾಗಿರುವುದರಿಂದ ಜಿಪ್ ಕಟ್ಟು ಅದನ್ನು ಇನ್ನಷ್ಟು ಕುಗ್ಗಿಸಲಾರದು.

ಇದಕ್ಕೆ ಎಕ್ಸೆಲ್‌ನಲ್ಲಿಯೇ ಪರಿಹಾರವಿದೆ. ಯಾವುದಾದರೂ ಒಂದು ಚಿತ್ರವನ್ನು ಆಯ್ದು, ಮೇಲೆ ಬರುವ ಪಿಕ್ಚರ್ ಫಾರ್ಮ್ಯಾಟ್ ಪಟ್ಟಿಯಲ್ಲಿ ಕಂಪ್ರೆಸ್ ಪಿಕ್ಚರ್ಸ್ ಒತ್ತಿ. ಈ ಚಿತ್ರಕ್ಕೆ ಮಾತ್ರ ಅನ್ವಯಿಸು ಎಂಬರ್ಥದ ಚೌಕದಲ್ಲಿರುವ ಟಿಕ್ ತೆಗೆದು, ಕತ್ತರಿಸಿದ ಭಾಗಗಳನ್ನು ಅಳಿಸುವ ಚೌಕಕ್ಕೆ ಟಿಕ್ ಹಾಕಿ. ಮುದ್ರಣಕ್ಕೆ 220 ಪಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಎಂಬ ಅಳತೆ), ತೆರೆಯ ಮೇಲೆ ನೋಡಲು 150, ಮೇಲ್ ಕಳಿಸಲು 96 ಎಂಬ ಆಯ್ಕೆಗಳಿರುತ್ತವೆ. ಆದರೆ ದಯವಿಟ್ಟು ಗಮನಿಸಿ: ಹೀಗೆ ಕುಗ್ಗಿಸಿ ಸೇವ್ ಮಾಡಿದ ಮೇಲೆ ಮೂಲ ಚಿತ್ರ ಆ ಫೈಲಿನಿಂದ ಮರಳಿ ಸಿಗುವುದಿಲ್ಲ. ಭೂಕುಸಿತದ ಫೋಟೊಗಳು ಪರಿಹಾರದ ದಾವೆಗೆ ಸಾಕ್ಷಿ. ಆದ್ದರಿಂದ ನಾವು ಮೂಲ ಫೋಟೊಗಳನ್ನು ಸದಸ್ಯತ್ವ ಸಂಖ್ಯೆಯ ಹೆಸರಿನಲ್ಲಿ ಬೇರೆ ಫೋಲ್ಡರಿಗೆ ತೆಗೆದಿಟ್ಟು, ಅವು ಸರಿಯಾಗಿ ತೆರೆಯುತ್ತವೆಯೇ ಎಂದು ನೋಡಿ, ಶೀಟಿನಲ್ಲಿ ಹೈಪರ್‌ಲಿಂಕ್ ಮಾತ್ರ ಉಳಿಸಿದೆವು. ಪಟ್ಟಿ ಹಗುರವಾಯಿತು, ಸಾಕ್ಷಿಯೂ ಉಳಿಯಿತು. ಈಗ ಆ ಫೈಲನ್ನು ಮೇಲ್‌ನಲ್ಲಿ ಲಗತ್ತಿಸಿ ಕಳಿಸಬಹುದು. ಮೊದಲು ಅದು ಜಿಮೇಲ್‌ನ 25 ಎಂಬಿ ಮಿತಿಯನ್ನೇ ದಾಟಿತ್ತು.

ಎರಡನೆಯ ಭಾರ ಖಾಲಿ ಕೋಶಗಳದ್ದು, ಇದು ಕಣ್ಣಿಗೆ ಕಾಣುವುದೇ ಇಲ್ಲ. ಕಾಫಿ ತೂಕದ ಶೀಟನ್ನು ತೆರೆದು ಕಂಟ್ರೋಲ್ ಮತ್ತು ಎಂಡ್ ಕೀಗಳನ್ನು ಒಟ್ಟಿಗೆ ಒತ್ತುತ್ತಿದ್ದೇನೆ, ನೋಡಿ. ಬರವಣಿಗೆ ಮುಗಿಯುವುದು ಆರುನೂರರ ಸುಮಾರಿನ ಸಾಲಿನಲ್ಲಿ. ಆದರೆ ಕರ್ಸರ್ ಹೋಗಿ ನಿಂತದ್ದು ಶೀಟಿನ ಕಟ್ಟಕಡೆಯ 10,48,576ನೆಯ ಸಾಲಿನಲ್ಲಿ. ಯಾರೋ ಬಾರ್ಡರ್ ಮತ್ತು ಬಣ್ಣವನ್ನು ತಳದವರೆಗೂ ಎಳೆದಿದ್ದಾರೆ. ಅಂಥ ಪ್ರತಿಯೊಂದು ಖಾಲಿ ಕೋಶಕ್ಕೂ ಒಳಗಿನ ಎಕ್ಸ್‌ಎಂಎಲ್‌ನಲ್ಲಿ ಅದರ ವಿಳಾಸ, ಅದರ ಶೈಲಿಯ ಸಂಖ್ಯೆ ಎಂದು ಒಂದೊಂದು ನಮೂದು ಬೀಳುತ್ತದೆ. ಒಂದೇ ಬಗೆಯ ನಮೂದುಗಳಾದ್ದರಿಂದ ಜಿಪ್ ಅವನ್ನು ಚೆನ್ನಾಗಿ ಒತ್ತಿಡುತ್ತದೆ, ಹಾಗಾಗಿ ಡಿಸ್ಕಿನಲ್ಲಿ ಗಾತ್ರ ತೀರಾ ದೊಡ್ಡದೆನಿಸದು. ಆದರೆ ತೆರೆಯುವಾಗ ಅಷ್ಟೂ ಬಿಚ್ಚಿಕೊಂಡು ಹಳೆಯ ಕಂಪ್ಯೂಟರನ್ನು ನಿಲ್ಲಿಸಿಬಿಡುತ್ತದೆ. ಇಲ್ಲಿ ಕೀಬೋರ್ಡಿನ ಡಿಲೀಟ್ ಕೀ ಉಪಯೋಗಕ್ಕೆ ಬಾರದು, ಏಕೆಂದರೆ ಅದು ಅಕ್ಷರ ಅಂಕಿಗಳನ್ನು ಅಳಿಸುತ್ತದೆಯೇ ಹೊರತು ಬಾರ್ಡರನ್ನಲ್ಲ. ಕೊನೆಯ ಬರವಣಿಗೆಯ ಕೆಳಗಿನ ಸಾಲುಗಳನ್ನು ಪೂರ್ತಿ ಆಯ್ದು, ಬಲ ಕ್ಲಿಕ್ಕಿನಲ್ಲಿ ಬರುವ ಡಿಲೀಟ್ ಒತ್ತಿ, ನಂತರ ಸೇವ್ ಮಾಡಬೇಕು. ಬಲಬದಿಯ ಖಾಲಿ ಕಂಬಸಾಲುಗಳಿಗೂ ಇದೇ ಕ್ರಮ.

ಪಿವೋಟ್ ಟೇಬಲ್ ಇರುವ ಫೈಲುಗಳಲ್ಲಿ ಅದರ ಆಯ್ಕೆಗಳ ಡೇಟಾ ವಿಭಾಗಕ್ಕೆ ಹೋಗಿ, ಮೂಲ ದತ್ತಾಂಶವನ್ನು ಫೈಲಿನೊಂದಿಗೆ ಉಳಿಸುವ ಟಿಕ್ ತೆಗೆದು, ತೆರೆಯುವಾಗ ರಿಫ್ರೆಶ್ ಮಾಡುವ ಟಿಕ್ ಹಾಕಿ. ಆ ದತ್ತಾಂಶ ಅದೇ ಫೈಲಿನ ಇನ್ನೊಂದು ಶೀಟಿನಲ್ಲಿ ಇದ್ದೇ ಇದ್ದರೆ ನಕಲು ಬೇಕಿಲ್ಲ. ಎಕ್ಸ್‌ಎಲ್‌ಎಸ್ ಎಂಬ ಹಳೆಯ ನಮೂನೆಯ ಫೈಲುಗಳು ಜಿಪ್ ಕಟ್ಟುಗಳಲ್ಲ. ಅವನ್ನು ಹೊಸ ನಮೂನೆಯಲ್ಲಿ ಸೇವ್ ಆ್ಯಸ್ ಮಾಡಿದರೆ ಸಾಮಾನ್ಯವಾಗಿ ಗಾತ್ರ ಚೆನ್ನಾಗಿ ಇಳಿಯುತ್ತದೆ. ಮ್ಯಾಕ್ರೋ (ಫೈಲಿನೊಳಗೆ ಬರೆದಿಟ್ಟ ಸ್ವಯಂಚಾಲಿತ ಆದೇಶಗಳು) ಇದ್ದರೆ ಮಾತ್ರ ಎಕ್ಸ್‌ಎಲ್‌ಎಸ್‌ಎಂ ಆಯ್ದುಕೊಳ್ಳಿ, ಇಲ್ಲವಾದರೆ ಮ್ಯಾಕ್ರೋ ಹೋಗಿಬಿಡುತ್ತದೆ. ಎಕ್ಸ್‌ಎಲ್‌ಎಸ್‌ಬಿ ಎಂಬ ಬೈನರಿ ನಮೂನೆ ದೊಡ್ಡ ಪಟ್ಟಿಗಳಲ್ಲಿ ಇನ್ನೂ ಚಿಕ್ಕದಾಗುವುದು ನಿಜ. ಆದರೆ ಎಕ್ಸೆಲ್ ಬದಲು ಹಲವರು ಬಳಸುವ ಲಿಬ್ರೆಆಫೀಸ್ ತಂತ್ರಾಂಶ ಅದನ್ನು ಓದಬಲ್ಲದೇ ಹೊರತು ಅದರಲ್ಲಿ ಬರೆದು ಉಳಿಸಲಾರದು. ಲೆಕ್ಕಪರಿಶೋಧಕರಿಗೂ ಬೇರೆ ಸಂಘಗಳಿಗೂ ಹೋಗಬೇಕಾದ ಫೈಲನ್ನು ನಾನಂತೂ ಆ ನಮೂನೆಗೆ ಬದಲಾಯಿಸುವುದಿಲ್ಲ.

ಒಂದೊಂದು ಫೈಲಿನ ಮಾತು ಹೀಗಾದರೆ, ಇಡೀ ಸರ್ವರಿನ ಮಾತು ಬೇರೆಯೇ. ಹುಡುಕು ಪೆಟ್ಟಿಗೆಯಲ್ಲಿ ಗಾತ್ರದ ಮಿತಿ ಕೊಟ್ಟು 10 ಎಂಬಿಗಿಂತ ದೊಡ್ಡ ಫೈಲುಗಳನ್ನೆಲ್ಲ ಒಂದೆಡೆ ತಂದಾಗ ಒಂದೇ ಪಟ್ಟಿಯ ಪ್ರತಿಗಳು ಸಾಲಾಗಿ ಕಂಡವು: ಫೈನಲ್, ಫೈನಲ್ ಹೊಸದು, ಆಡಿಟ್‌ಗೆ ಕೊಟ್ಟದ್ದು, ಅಧ್ಯಕ್ಷರಿಗೆ ಕೊಟ್ಟದ್ದು. ಅವುಗಳ ನಡುವೆ ಎಂಟು ಅಕ್ಷರ ಅಂಕಿಗಳ ಅರ್ಥವಿಲ್ಲದ ಹೆಸರಿನ ಫೈಲುಗಳೂ ಇದ್ದವು. ಎಕ್ಸೆಲ್ ಸೇವ್ ಮಾಡುವಾಗ ಮೊದಲು ಅದೇ ಫೋಲ್ಡರಿನಲ್ಲಿ ಒಂದು ತಾತ್ಕಾಲಿಕ ಫೈಲು ಬರೆದು, ಪೂರ್ತಿಯಾದ ಮೇಲೆ ಅದಕ್ಕೆ ನಿಜವಾದ ಹೆಸರು ಕೊಡುತ್ತದೆ. ನಡುವೆ ಸಂಪರ್ಕ ಕಡಿದರೆ ಆ ತಾತ್ಕಾಲಿಕ ಫೈಲು ಅಲ್ಲಿಯೇ ಉಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಕರೆಂಟ್ ಹೋಗುವುದು ನಮ್ಮ ಜಿಲ್ಲೆಯಲ್ಲಿ ನಿತ್ಯದ ಸಂಗತಿ. ಸರ್ವರಿಗೆ ಯುಪಿಎಸ್ ಇದ್ದರೂ ಮೇಜಿನ ಮೇಲಿನ ಕಂಪ್ಯೂಟರಿಗೆ ಇಲ್ಲದಿದ್ದರೆ ಈ ಅವಶೇಷಗಳು ಮಳೆಗಾಲದುದ್ದಕ್ಕೂ ಸೇರುತ್ತಲೇ ಹೋಗುತ್ತವೆ. ಫೈಲು ದೊಡ್ಡದಾದಷ್ಟೂ ಸೇವ್ ಆಗಲು ಹೆಚ್ಚು ಹೊತ್ತು, ಹೊತ್ತು ಹೆಚ್ಚಾದಷ್ಟೂ ನಡುವೆ ಕಡಿಯುವ ಸಂಭವ ಹೆಚ್ಚು. ಜಾಗದ ಉಳಿತಾಯಕ್ಕಿಂತಲೂ ಈ ಕಾರಣಕ್ಕಾಗಿ ಕೊಡಗಿನ ಕಚೇರಿಗಳಲ್ಲಿ ಫೈಲು ಹಗುರವಾಗಿರಬೇಕು ಎನ್ನುತ್ತೇನೆ.

ಅಳಿಸುವ ಮೊದಲು ಒಂದು ಎಚ್ಚರಿಕೆ. ನಿಮ್ಮ ಕಂಪ್ಯೂಟರಿನಿಂದ ಸರ್ವರಿನ ಹಂಚಿಕೆಯ ಫೋಲ್ಡರಿಗೆ ಹೋಗಿ ಫೈಲು ಅಳಿಸಿದರೆ ಅದು ಸಾಮಾನ್ಯವಾಗಿ ರೀಸೈಕಲ್ ಬಿನ್‌ಗೆ ಬರುವುದಿಲ್ಲ, ನೇರವಾಗಿ ಹೊರಟುಹೋಗುತ್ತದೆ. ಆದ್ದರಿಂದ ನಾವು ಎಲ್ಲ ಮೂಲ ಫೈಲುಗಳನ್ನೂ ಮೊದಲು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿದೆವು. ಹಗುರಗೊಳಿಸಿದ ಪ್ರತಿಯೊಂದು ಫೈಲಿನ ಒಟ್ಟು ಮೊತ್ತವನ್ನು, ಸಾಲುಗಳ ಎಣಿಕೆಯನ್ನು ಮೂಲದೊಂದಿಗೆ ಅಕ್ಕನೇ ಕುಳಿತು ತಾಳೆ ನೋಡಿದರು. ತಾಳೆಯಾದ ಫೈಲಿನ ಹೆಸರಿನ ಮುಂದೆ ಪುಸ್ತಕದಲ್ಲಿ ಸಹಿ ಹಾಕಿದರು. ಸಹಿ ಬಿದ್ದ ಮೇಲೆಯೇ ಸರ್ವರಿನಲ್ಲಿದ್ದ ಹಳೆಯ ಪ್ರತಿಯನ್ನು ತೆಗೆದೆವು. ಹೊರಗಿನ ಡಿಸ್ಕಿನಲ್ಲಿರುವ ಮೂಲ ಪ್ರತಿಗಳನ್ನು ಮಾರ್ಚ್ 31ಕ್ಕೆ ಮುಗಿಯುವ ಈ ವರ್ಷದ ಲೆಕ್ಕಪರಿಶೋಧನೆ ಪೂರ್ತಿಯಾಗುವವರೆಗೂ ಮುಟ್ಟುವುದಿಲ್ಲ.