ಕೊಂದವರ ಕಥೆ, ಕಂಡವರ ಸಾಕ್ಷಿ

ಎಮೆಟ್ ಟಿಲ್ ಯಾರೆಂದು ಈ ಸಭೆಗೆ ಪರಿಚಯಿಸಬೇಕಾಗಿಲ್ಲ. 1955ರ ಅಮೆರಿಕದ ಮಿಸಿಸಿಪ್ಪಿ, ಷಿಕಾಗೋದಿಂದ ನೆಂಟರ ಮನೆಗೆ ಬಂದಿದ್ದ 14 ವರ್ಷದ ಕಪ್ಪು ಹುಡುಗ, ಬಿಳಿ ಹೆಂಗಸೊಬ್ಬಳನ್ನು ಕೆಣಕಿದನೆಂಬ ಆರೋಪ, ಹತ್ತಿ ಜಿನ್ನಿನ ಫ್ಯಾನು ಕೊರಳಿಗೆ ಕಟ್ಟಿ ಹೊಳೆಗೆಸೆದ ಹೆಣ, ತಾಯಿ ಮೇಮಿ ಮುಚ್ಚಗೊಡದ ಶವಪೆಟ್ಟಿಗೆ. ಇದೆಲ್ಲ ನೀವು ಓದಿದ್ದೀರಿ. ಆದರೆ ನಾವು ಓದಿದ ಈ ಕಥೆ ಯಾರ ಬಾಯಿಂದ ಬಂದದ್ದು? ಇವತ್ತು ನನ್ನ ಪ್ರಶ್ನೆ ಅದೊಂದೇ.

ಸಮ್ನರ್ ಎಂಬ ಊರಿನ ಕೋರ್ಟಿನಲ್ಲಿ ಸೆಪ್ಟೆಂಬರಿನಲ್ಲಿ ವಿಚಾರಣೆ ನಡೆಯಿತು. ಜ್ಯೂರಿಯಲ್ಲಿ ಹನ್ನೆರಡು ಜನ, ಎಲ್ಲರೂ ಬಿಳಿ ಗಂಡಸರು. ಕೊಲೆಯ ಆರೋಪ ಹೊತ್ತಿದ್ದ ರಾಯ್ ಬ್ರಯಂಟ್ ಮತ್ತು ಅವನ ಮಲಅಣ್ಣ ಜೆ.ಡಬ್ಲ್ಯು. ಮೈಲಮ್ ನಿರ್ದೋಷಿಗಳೆಂದು ಹೇಳಲು ಅವರಿಗೆ 67 ನಿಮಿಷ ಸಾಕಾಯಿತು. ನಡುವೆ ಸೋಡಾ ಕುಡಿಯದೇ ಇದ್ದಿದ್ದರೆ ಅಷ್ಟು ಹೊತ್ತೂ ಬೇಕಿರಲಿಲ್ಲ ಎಂದು ಅವರಲ್ಲೊಬ್ಬ ಹೇಳಿದ ಮಾತು ಎಲ್ಲ ಬರಹಗಳಲ್ಲೂ ಸಿಗುತ್ತದೆ. ವಿಲ್ಲಿ ರೀಡ್ ಸಿಗುವುದು ಕಷ್ಟ.

ಅವನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಅವಸರ ಮಾಡಬೇಡಿ. ವಿಲ್ಲಿ ರೀಡ್ 18ರ ಹುಡುಗ, ಹೊಲದ ಕೂಲಿ. ಕೊಲೆಯಾದ ಆ ಭಾನುವಾರ ಬೆಳಿಗ್ಗೆ ಅಂಗಡಿಗೆ ನಡೆದು ಹೋಗುತ್ತಿದ್ದಾಗ ಒಂದು ಪಿಕಪ್ ಗಾಡಿ ಕಂಡ. ಮುಂದೆ ಬಿಳಿಯರು, ಹಿಂದೆ ಕೂತವರಲ್ಲಿ ಒಬ್ಬ ಹುಡುಗ. ಮುಂದೆ ಹೋದರೆ ಅದೇ ಗಾಡಿ ಒಂದು ಕೊಟ್ಟಿಗೆಯ ಎದುರು ನಿಂತಿದೆ, ಒಳಗಿನಿಂದ ಹೊಡೆಯುವ ಸದ್ದು, ಕೂಗಾಟ. ಮೈಲಮ್ ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ಹೊರಗೆ ಬಂದ, ಬಾವಿಯ ನೀರು ಕುಡಿದ, ಮತ್ತೆ ಒಳಗೆ ಹೋದ. ಇದನ್ನೆಲ್ಲ ಆ ಹುಡುಗ ಮೈಲಮ್ ಎದುರಿಗೇ, ಕಟಕಟೆಯಲ್ಲಿ ಕೂತು ಹೇಳಿದ. ದನಿ ಸಣ್ಣದು, ಜೋರಾಗಿ ಹೇಳು ಎಂದು ಮತ್ತೆ ಮತ್ತೆ ಹೇಳಿಸಿಕೊಂಡ. ಆದರೂ ಹೇಳಿದ.

ಮರುವರ್ಷ ಜನವರಿಯಲ್ಲಿ ‘ಲುಕ್’ ಪತ್ರಿಕೆ ವಿಲಿಯಂ ಬ್ರಾಡ್‌ಫರ್ಡ್ ಹ್ಯೂಯಿ ಎಂಬ ಬಿಳಿಯ ಪತ್ರಕರ್ತ ಬರೆದ ‘ಕೊಲೆಯ ನಿಜಕಥೆ’ಯನ್ನು ಅಚ್ಚು ಹಾಕಿತು. ಖುಲಾಸೆಯಾದವರನ್ನು ಅದೇ ಕೊಲೆಗೆ ಎರಡನೇ ಸಲ ವಿಚಾರಿಸುವಂತಿಲ್ಲ. ಆ ಧೈರ್ಯದ ಮೇಲೆ ಅವರಿಬ್ಬರೂ ದುಡ್ಡು ಇಸಕೊಂಡು ಬಾಯಿ ಬಿಟ್ಟಿದ್ದರು. ಆ ಕಥೆಯಲ್ಲಿ ವಿಲ್ಲಿ ಕಂಡ ಕೊಟ್ಟಿಗೆ ಇಲ್ಲವೇ ಇಲ್ಲ! ಅದಿದ್ದ ಹೊಲವನ್ನು ನೋಡಿಕೊಳ್ಳುತ್ತಿದ್ದವನು ಮೈಲಮ್‌ನ ತಮ್ಮ ಲೆಸ್ಲಿ. ಅವನ ಮೇಲೆ ಮೊಕದ್ದಮೆ ನಡೆದಿರಲಿಲ್ಲ, ಹೆಸರು ಬಂದರೆ ಸಿಕ್ಕಿಬೀಳುತ್ತಿದ್ದ. ಹಾಗಾಗಿ ಕೊಟ್ಟಿಗೆ ಹೋಯಿತು, ಜೊತೆಗಿದ್ದವರು ಹೋದರು, ವಿಲ್ಲಿಯ ಸಾಕ್ಷಿಯೂ ಹೋಯಿತು. ಕೊಟ್ಟಿಗೆಯಿಂದ ಕೇಳಿದ ಕೂಗಾಟದ ಬದಲು ಅಲ್ಲಿರುವುದು ಏಟು ತಿನ್ನುತ್ತಲೂ ಹೆದರದೆ ಕೊಬ್ಬಿನ ಮಾತಾಡುವ ಹುಡುಗ. ಬಿಳಿಯರನ್ನು ಕೆಣಕಿದ, ಅನುಭವಿಸಿದ ಎನ್ನಲು ಅಂಥ ಹುಡುಗನೇ ಬೇಕಿತ್ತು.

ನನಗೆ ಹೆಚ್ಚು ನೋವಾಗುವುದು ಮುಂದಿನದಕ್ಕೆ. ಟಿಲ್‌ನ ಪರವಾಗಿ ಬರೆದವರೂ ದಶಕಗಳ ಕಾಲ ಇದನ್ನೇ ಎತ್ತಿಕೊಂಡರು, ಎದೆಗಾರ ಹುಡುಗ ಎಂದು ಕೊಂಡಾಡಿದರು. ಕೊಟ್ಟಿಗೆಯ ಸಂಗತಿಯನ್ನು, ಬೇರೆಯವರೂ ಸೇರಿದ್ದನ್ನು ಕಪ್ಪು ಜನರ ಪತ್ರಿಕೆಗಳು ಆಗಲೇ ಬರೆದಿದ್ದವು. ಕೊಂದ ಬಿಳಿಯನ ಮಾತು ತಪ್ಪೊಪ್ಪಿಗೆ, ಕಂಡ ಕರಿಯನ ಮಾತು ಗಾಳಿಸುದ್ದಿ. ಈ ತಕ್ಕಡಿ ಜ್ಯೂರಿಯ ಕೋಣೆಯಲ್ಲಷ್ಟೇ ಇರಲಿಲ್ಲ, ಪತ್ರಿಕೆ ಕಚೇರಿಯಲ್ಲಿತ್ತು, ಓದುಗರ ಮನಸ್ಸಿನಲ್ಲೂ ಇತ್ತು.

ಟಿಲ್ ಕೆಣಕಿದನೆನ್ನಲಾದ ಆ ಬಿಳಿ ಹೆಂಗಸು, ರಾಯ್‌ನ ಹೆಂಡತಿ ಕ್ಯಾರೊಲಿನ್ ಬ್ರಯಂಟ್ ಬಗ್ಗೆಯೂ ಹೇಳಬೇಕಿತ್ತು. ಗಂಡನ ವಕೀಲರ ಮುಂದೆ ಅವಳು ಮೊದಲು ಹೇಳಿದ್ದು ಹುಡುಗ ಕೈ ಹಿಡಿದ ಎಂದಷ್ಟೇ. ಕೋರ್ಟಿನಲ್ಲಿ ಅದು ಸೊಂಟ ಹಿಡಿದದ್ದಾಯಿತು. ಇನ್ನು ಷರೀಫ್, ಅಂದರೆ ಅಲ್ಲಿನ ಪೊಲೀಸ್ ಮುಖ್ಯಸ್ಥ, ಸ್ಟ್ರೈಡರ್. ಹೆಣವನ್ನು ಕಪ್ಪು ಜನರ ಶವಸಂಸ್ಕಾರದವರ ಕೈಗೆ ಒಪ್ಪಿಸಿದ್ದವನು ಅವನೇ. ಕಟಕಟೆಗೆ ಬಂದಾಗ ಮಾತ್ರ ಅದು ಕರಿಯನದೋ ಬಿಳಿಯನದೋ ಗೊತ್ತಾಗುವಂತಿರಲಿಲ್ಲ ಎಂದ. ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ, ಇವೆರಡನ್ನೂ ಇಲ್ಲಿಗೇ ಬಿಡುತ್ತೇನೆ.

2004ರಲ್ಲಿ ಎಫ್‌ಬಿಐ ತನಿಖೆಯನ್ನು ಮತ್ತೆ ತೆರೆಯಿತು. ಕಳೆದೇ ಹೋಗಿದೆ ಎಂದುಕೊಂಡಿದ್ದ ವಿಚಾರಣೆಯ ದಾಖಲೆಯ ಪ್ರತಿಯೊಂದು ಸಿಕ್ಕಿತು. ಮರುವರ್ಷ ಗೋರಿ ತೆಗೆಸಿ ಡಿಎನ್‌ಎ ಪರೀಕ್ಷೆ ಮಾಡಿಸಿದರು, ಹೆಣ ಟಿಲ್‌ನದೇ. ವಿಲ್ಲಿ ಸಾಕ್ಷಿ ಹೇಳಿದ ಬೆನ್ನಿಗೇ ಷಿಕಾಗೋಗೆ ಓಡಿಹೋಗಿ, ವಿಲ್ಲಿ ಲೂಯಿಸ್ ಎಂದು ಹೆಸರು ಬದಲಿಸಿಕೊಂಡು ಬದುಕಿದ್ದ. ಮದುವೆಯಾದ ಮೇಲೂ ಎಷ್ಟೋ ವರ್ಷ ಹೆಂಡತಿಗೆ ಈ ವಿಷಯ ಗೊತ್ತಿರಲಿಲ್ಲ. ಅವನು ತೀರಿಕೊಂಡದ್ದು 2013ರಲ್ಲಿ. ಕೊಲೆಗಾರರ ಕಥೆಯನ್ನು ಜಗತ್ತು ನಂಬಿದ್ದ ಅಷ್ಟೂ ವರ್ಷ ಅವನು ಬದುಕಿಯೇ ಇದ್ದ. ಹೋಗಿ ಕೇಳಬಹುದಿತ್ತು.