ಐನೂರು ತಟ್ಟೆಗಳಿಂದ ಹೊರಟ ಹಾಡು

ಕೇಳುಗರಿಗೆ ನಮಸ್ಕಾರ.

ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಅವರ ‘ಮೈ ಸ್ವೀಟ್ ಲಾರ್ಡ್’ ಹಾಡನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ಹಿಂದೆ ನಿಂತ ಮೇಳ ಮೊದಲು ‘ಹಲ್ಲೆಲೂಯ’ ಎನ್ನುತ್ತಿರುತ್ತದೆ. ಅದು ಯಾವಾಗ ‘ಹರೇ ಕೃಷ್ಣ’ಕ್ಕೆ ಹೊರಳಿತೆಂದು ತಿಳಿಯುವುದರೊಳಗೆ, ನಾವು ಶಾಲೆಯಲ್ಲಿ ಕೈಮುಗಿದು ಹೇಳುತ್ತಿದ್ದ ‘ಗುರುರ್ಬ್ರಹ್ಮ ಗುರುರ್ವಿಷ್ಣು’ ಕೂಡ ಕಿವಿಗೆ ಬೀಳುತ್ತದೆ. ರವಿಶಂಕರರ ಬಳಿ ಸಿತಾರ್ ಕಲಿತವರಿಗೆ ಶ್ಲೋಕ ಗೊತ್ತಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಹಾಡಿಗೆ ಪ್ರೇರಣೆ ಬೇರೆ ಕಡೆಯಿಂದ ಬಂದದ್ದು ಎಂದು ಹ್ಯಾರಿಸನ್ ಅವರೇ ಹೇಳಿಕೊಂಡಿದ್ದಾರೆ. ಕ್ಯಾಲಿಫೋರ್ನಿಯಾದ ಚರ್ಚುಗಳ ಹುಡುಗ ಹುಡುಗಿಯರು ಹಾಡಿದ ‘ಓ ಹ್ಯಾಪಿ ಡೇ’ ಎಂಬ ಗಾಸ್ಪೆಲ್, ಅಂದರೆ ಸುವಾರ್ತೆಯ ಹಾಡು ಅದು. ಅದನ್ನು ಹಾಡಿಸಿದವರು ಎಡ್ವಿನ್ ಹಾಕಿನ್ಸ್.

ಹಾಕಿನ್ಸ್ ಹುಟ್ಟಿದ್ದು 1943ರಲ್ಲಿ, ಓಕ್‌ಲೆಂಡ್‌ನಲ್ಲಿ. ಮನೆಮಂದಿಯೆಲ್ಲ ಹಾಡುವವರು, ಹುಡುಗ ಏಳನೆಯ ವಯಸ್ಸಿಗೇ ಅವರಿಗೆ ಪಿಯಾನೊ ನುಡಿಸುತ್ತಿದ್ದ. 1967ರಲ್ಲಿ ಬೆಟ್ಟಿ ವಾಟ್ಸನ್ ಅವರೊಡನೆ ಸೇರಿ ಯುವಕರ ಕ್ವಾಯರ್, ಅಂದರೆ ಚರ್ಚಿನ ಗಾಯನಮೇಳ, ಒಂದನ್ನು ಕಟ್ಟಿದರು. ವಾಷಿಂಗ್ಟನ್‌ನಲ್ಲಿ ನಡೆಯಲಿದ್ದ ಯುವ ಸಮ್ಮೇಳನಕ್ಕೆ ಹೋಗಬೇಕಿತ್ತು, ಕೈಯಲ್ಲಿ ಕಾಸಿರಲಿಲ್ಲ. ಬರ್ಕ್‌ಲಿಯ ಚರ್ಚೊಂದರಲ್ಲೇ ನಿಂತು, ಎರಡೇ ಟ್ರ್ಯಾಕಿನ ಯಂತ್ರದಲ್ಲಿ ಎಂಟು ಹಾಡುಗಳನ್ನು ಧ್ವನಿಮುದ್ರಿಸಿ, ಐನೂರು ಗ್ರಾಮಫೋನ್ ತಟ್ಟೆಗಳನ್ನು ಒತ್ತಿಸಿದರು. ಊರ ಜನರಿಗೆ ಮಾರಿ ಪ್ರಯಾಣದ ಖರ್ಚು ಹೊಂದಿಸುವುದಷ್ಟೇ ಉದ್ದೇಶ.

ಆ ಎಂಟರಲ್ಲೊಂದು ‘ಓ ಹ್ಯಾಪಿ ಡೇ’. ಅದರ ಮೂಲ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಪಾದ್ರಿ ಫಿಲಿಪ್ ಡಾಡ್ರಿಜ್ ಅವರ ಸ್ತುತಿಗೀತೆ. ಮೂರು ಎಣಿಕೆಯಲ್ಲಿ ತೂಗುತ್ತಿದ್ದ ಹಳೆಯ ಧಾಟಿಯನ್ನು ಹಾಕಿನ್ಸ್ ನಾಲ್ಕಕ್ಕೆ ತಂದರು. ಮೊದಲು ಪಿಯಾನೊ, ಯಾವ ಅವಸರವೂ ಇಲ್ಲದೆ. ಆಮೇಲೆ ಡೊರೊತಿ ಮಾರಿಸನ್ ಅವರ ದನಿ, ಪಕ್ಕದಲ್ಲಿ ಕುಳಿತವರಿಗಷ್ಟೇ ಹೇಳುತ್ತಿರುವಂತೆ ತಗ್ಗಿನಲ್ಲಿ. ಆಕೆ ಒಂದು ಸಾಲು ಬಿಟ್ಟುಕೊಡುತ್ತಾರೆ, ಕ್ವಾಯರ್ ಅದನ್ನು ಮೆಲ್ಲಗೆ ಎತ್ತಿಕೊಳ್ಳುತ್ತದೆ. ನಮ್ಮ ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ಹಿಡಿಯುತ್ತಾರಲ್ಲ, ಹಾಗೆಯೇ. ‘ನನ್ನ ಪಾಪ ತೊಳೆದ’ ಎನ್ನುವ ಸಾಲಿಗೆ ಬರುವಷ್ಟರಲ್ಲಿ ಕಟ್ಟೆ ಒಡೆದಿರುತ್ತದೆ.

ತಟ್ಟೆಯೊಂದು ಹೇಗೋ ಸ್ಯಾನ್ ಫ್ರಾನ್ಸಿಸ್ಕೊದ ಬಾನುಲಿ ಕೇಂದ್ರವೊಂದನ್ನು ಸೇರಿತು. ಅಲ್ಲಿ ರಾಕ್ ಸಂಗೀತ ಬಿತ್ತರಿಸುತ್ತಿದ್ದ ಏಬ್ ಕೇಶ್ ಅದನ್ನು ಮತ್ತೆ ಮತ್ತೆ ಹಾಕಿದರು. ಬಾನುಲಿಯವನಾದ ನನಗೆ ಈ ಭಾಗ ಹೇಳುವಾಗ ಸ್ವಲ್ಪ ಹೆಮ್ಮೆ, ಕ್ಷಮಿಸಿ. 1969ರಲ್ಲಿ ಹಾಡು ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೆ, ಬ್ರಿಟನ್ನಿನಲ್ಲಿ ಎರಡನೆಯದಕ್ಕೆ ಏರಿತು. ಮರುವರ್ಷ ಗ್ರ್ಯಾಮಿ ಪ್ರಶಸ್ತಿಯೂ ಬಂತು.

ಚರ್ಚಿನ ಹಿರಿಯರಿಗೆ ಮಾತ್ರ ಇದು ಸರಿಬರಲಿಲ್ಲ. ದೇವರ ಹಾಡು ಕುಣಿಯುವ ಕ್ಲಬ್ಬುಗಳಲ್ಲಿ ಮೊಳಗುವುದೆಂದರೇನು? ಸಿನಿಮಾ ಧಾಟಿಗೆ ದೇವರನಾಮ ಕೂರಿಸಿದಾಗ ನಮ್ಮ ಭಜನಾ ಮಂಡಳಿಗಳಲ್ಲೂ ಇದೇ ಜಗಳ ಏಳುವುದುಂಟು. ಹಿರಿಯರ ಆತಂಕವನ್ನು ನಾನು ಹಗುರ ಮಾಡಲಾರೆ, ಪೇಟೆ ಎಷ್ಟೋ ಹಾಡುಗಳನ್ನು ನುಂಗಿದೆ. ಆದರೆ ಸುವಾರ್ತೆ ಎಂದ ಮೇಲೆ ಅದು ಗೋಡೆಯಾಚೆ ಹೋಗಲೇಬೇಕಲ್ಲ ಎಂಬುದು ಹಾಕಿನ್ಸ್ ಅವರ ನಿಲುವು. ಅವರ ಕೈಯಲ್ಲಿ ಹಾಡು ತನ್ನ ದೇವರನ್ನು ಬಚ್ಚಿಟ್ಟುಕೊಂಡು ಪೇಟೆಗೆ ಹೋಗಲಿಲ್ಲ. ಯೇಸುವಿನ ಹೆಸರು ಹಿಡಿದೇ ಹೋಯಿತು.

ದಾರಿ ತೆರೆದ ಮೇಲೆ ನಡೆಯುವವರು ಬಂದರು. ಎಡ್ವಿನ್ ಅವರ ತಮ್ಮ ವಾಲ್ಟರ್ ಹಾಕಿನ್ಸ್ ಅವರ ‘ಲವ್ ಅಲೈವ್’ ಎಂಬ ಹಾಡುಗಳ ತಟ್ಟೆ 1975ರಲ್ಲಿ ಹೊರಬಂತು. ಎಡ್ವಿನ್ ಸ್ವತಃ ಸಂಗೀತ ಶಿಬಿರಗಳನ್ನು ನಡೆಸಿದರು: ಊರೂರಿನಿಂದ ಬಂದವರು ವಾರವಿಡೀ ತಾಲೀಮು ಮಾಡಿ, ಕೊನೆಗೆ ಒಂದೇ ದೊಡ್ಡ ಕ್ವಾಯರ್ ಆಗಿ ಹಾಡುತ್ತಿದ್ದರು. ಅವರ ಆಸ್ತಿ ಇದೇ ಎಂದು ನನಗನ್ನಿಸುತ್ತದೆ, ಪ್ರಶಸ್ತಿಗಳಿಗಿಂತ ಹೆಚ್ಚಾಗಿ.

2018ರ ಜನವರಿ 15ರಂದು, 74ನೆಯ ವಯಸ್ಸಿನಲ್ಲಿ, ಎಡ್ವಿನ್ ಹಾಕಿನ್ಸ್ ತೀರಿಕೊಂಡರು. ಸಾವಿನ ಸುದ್ದಿ ಬರೆದ ಪತ್ರಿಕೆಗಳೆಲ್ಲ ಅವರನ್ನು ಗುರುತಿಸಿದ್ದು ‘ಓ ಹ್ಯಾಪಿ ಡೇ’ಯಿಂದಲೇ. ಆ ಎಂಟು ಹಾಡುಗಳಲ್ಲಿ ಅದು ತಮ್ಮ ಮೆಚ್ಚಿನದೇನಾಗಿರಲಿಲ್ಲ ಎಂದು ಅವರು ಹೇಳಿಕೊಂಡಿದ್ದರು.

ನಮಸ್ಕಾರ.