ಜೆಫರ್ಸನ್ಸ್ ನೋಡಿ, ಆದ್ರೆ ಈ ಸಲ ಲೂಯೀಸ್‌ನ ನೋಡಿ

ಸ್ಕ್ರೀನ್ ಮೇಲೆ ಕಾಣ್ತಿದೆಯಲ್ಲ ಈ ಎತ್ತರದ ಬಿಲ್ಡಿಂಗು, ಇದು ನ್ಯೂಯಾರ್ಕಿನ ಶ್ರೀಮಂತರ ಏರಿಯಾ ಅಪ್ಪರ್ ಈಸ್ಟ್ ಸೈಡು, 185 ಈಸ್ಟ್ 85ನೇ ಸ್ಟ್ರೀಟ್. ಓಡಾಡೋರು ಯಾರೂ ತಲೆ ಎತ್ತಿ ಕೂಡ ನೋಡಲ್ಲ ಇದನ್ನ. ಆದ್ರೆ 1975ರಿಂದ 1985ರ ತನಕ ಅಮೆರಿಕದಲ್ಲಿ ಟಿವಿ ಇದ್ದ ಮನೆಯೋರಿಗೆಲ್ಲ ಈ ಬಿಲ್ಡಿಂಗಿನ ಮುಖ ಗೊತ್ತಿತ್ತು, ಯಾಕಂದ್ರೆ ಸಿಬಿಎಸ್ ಚಾನೆಲ್ಲಿನ 'ದ ಜೆಫರ್ಸನ್ಸ್' ಸೀರಿಯಲ್ಲಿನ ಟೈಟಲ್ ಸಾಂಗಲ್ಲಿ ಗಂಡ ಹೆಂಡ್ತಿ ಟ್ಯಾಕ್ಸಿಲಿ ಕೂತು ನದಿ ಆಚೆ ಇರೋ ಕ್ವೀನ್ಸ್ ಬಿಟ್ಟು ಬಂದು ಇಳಿಯೋದು ಇಲ್ಲೇ. ಒಳಗಿನ ಮನೆ ಮಾತ್ರ ಇಲ್ಲಿಲ್ಲ, ಅದೆಲ್ಲ ಲಾಸ್ ಏಂಜಲೀಸಿನ ಸ್ಟುಡಿಯೋಲಿ, ಎದುರಿಗೆ ಜನ ಕೂತಿರೋವಾಗ ಶೂಟ್ ಮಾಡಿದ್ದು.

ನಾನಿರೋದು ಕ್ವೀನ್ಸ್‌ನ ಆಸ್ಟೋರಿಯಾ ಕಡೆ. ಕಥೆ ಪ್ರಕಾರ ಜೆಫರ್ಸನ್ ಫ್ಯಾಮಿಲಿನೂ ಮೊದಲು ಅಲ್ಲೇ ಇದ್ದಿದ್ದು, ಅದಕ್ಕೆ ಇವತ್ತು ಅವರು ಬಂದ ದಾರೀಲೇ ಬರೋಣ ಅಂತ ಹೊರಟೆ. ಎನ್ ಟ್ರೈನ್ ಹಿಡಿದು ಲೆಕ್ಸಿಂಗ್‌ಟನ್ ಅವೆನ್ಯೂಲಿ ಇಳಿದು, ಅಲ್ಲಿಂದ 6 ಟ್ರೈನು, 86ನೇ ಸ್ಟ್ರೀಟಲ್ಲಿ ಇಳಿದ್ರೆ ಆಯ್ತು, ನಡ್ಕೊಂಡು ಬರಬಹುದು. ಈಸ್ಟ್ ರಿವರ್‌ನ ಆ ದಡದಿಂದ ಈ ದಡಕ್ಕೆ ಬರೋದು ಇಷ್ಟು ಸುಲಭ, ಆದ್ರೆ ಆ ಕಾಲದಲ್ಲಿ ಒಂದು ಬ್ಲ್ಯಾಕ್ ಫ್ಯಾಮಿಲಿ ಇಷ್ಟು ದೂರ ಬಂದು ಇಲ್ಲಿ ಮನೆ ಮಾಡಿದ್ದನ್ನ ಟಿವಿಲಿ ತೋರಿಸೋದೇ ಒಂದು ದೊಡ್ಡ ವಿಷಯ.

ಗೊತ್ತಿಲ್ದೇ ಇರೋರಿಗೆ ಕಥೆ ಬೇಗ ಹೇಳಿಬಿಡ್ತೀನಿ. 1971ರಲ್ಲಿ ನಾರ್ಮನ್ ಲಿಯರ್ ಅನ್ನೋ ಪ್ರೊಡ್ಯೂಸರ್ 'ಆಲ್ ಇನ್ ದ ಫ್ಯಾಮಿಲಿ' ಅಂತ ಒಂದು ಶೋ ಶುರು ಮಾಡಿದ್ರು, ಅದರಲ್ಲಿ ಆರ್ಚಿ ಬಂಕರ್ ಅಂತ ಒಬ್ಬ ಬಿಳಿಯ, ಬ್ಲ್ಯಾಕ್ ಜನರ ಬಗ್ಗೆ, ಯಹೂದಿಗಳ ಬಗ್ಗೆ, ಎಲ್ಲರ ಬಗ್ಗೆನೂ ಬಾಯಿಗೆ ಬಂದಂಗೆ ಮಾತಾಡೋನು. ಅವನ ಪಕ್ಕದ ಮನೆಯೋರೇ ಈ ಜೆಫರ್ಸನ್ಸು. ಗಂಡ ಜಾರ್ಜ್, ಹೆಂಡ್ತಿ ಲೂಯೀಸ್, ಮಗ ಲಯನಲ್. ಜಾರ್ಜ್ ಡ್ರೈ ಕ್ಲೀನಿಂಗ್ ಅಂಗಡಿ ಇಟ್ಟು, ಒಂದು ಎರಡಾಗಿ ಎರಡು ನಾಲ್ಕಾಗಿ ದುಡ್ಡು ಕೂಡಿಬಂದು, 1975ರ ಜನವರಿ 18ರಂದು ತಮ್ಮದೇ ಶೋ ಸಮೇತ ಈ ಬಿಲ್ಡಿಂಗಿನ 12ನೇ ಫ್ಲೋರಿಗೆ ಬಂದ್ರು. 11 ಸೀಸನ್, 253 ಎಪಿಸೋಡು. ಟೈಟಲ್ ಸಾಂಗ್ ಹಾಡಿದ್ದು ಜಾನೆಟ್ ಡುಬ್ವಾ, ಜೆಫ್ ಬ್ಯಾರಿ ಜೊತೆ ಸೇರಿ ಅದನ್ನ ಬರೆದಿದ್ದೂ ಅವರೇ. ಚರ್ಚಲ್ಲಿ ಚಪ್ಪಾಳೆ ತಟ್ಕೊಂಡು ಕೋರಸ್ ಹಾಡ್ತಾರಲ್ಲ ಆ ಥರದ ಹಾಡು, ಒಂದ್ಸಲ ಕೇಳಿದ್ರೆ ದಿನವಿಡೀ ಬಾಯಲ್ಲೇ ಇರತ್ತೆ.

ಈ ಶೋ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಜಾರ್ಜ್. ಎದೆ ಉಬ್ಬಿಸಿಕೊಂಡು ಕೈ ಬೀಸ್ಕೊಂಡು ಅವನು ನಡೆಯೋ ಆ ಸ್ಟೈಲು, ಬಾಗಿಲು ದಡ್ ಅಂತ ಮುಖದ ಮೇಲೆ ಹಾಕೋದು, ಜಂಬ, ಕೋಪ, ಎಲ್ಲಾನೂ. ಶರ್ಮನ್ ಹೆಮ್ಸ್‌ಲಿ ಅದ್ಭುತವಾಗಿ ಮಾಡಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ, ಆಕ್ಟಿಂಗಿಗೆ ಬರೋ ಮುಂಚೆ ಪೋಸ್ಟ್ ಆಫೀಸಲ್ಲಿ ಕೆಲಸ ಮಾಡ್ತಿದ್ದ ಮನುಷ್ಯ ಅವರು, ಅವರಿಗೋಸ್ಕರ ಲಿಯರ್ ಕಾದ್ರು, ಬ್ರಾಡ್‌ವೇಲಿ ಅವರ ನಾಟಕ ಮುಗಿಯೋ ತನಕ 'ಆಲ್ ಇನ್ ದ ಫ್ಯಾಮಿಲಿ'ಲಿ ಜಾರ್ಜ್‌ನ ತೋರಿಸದೇನೇ ಕಥೆ ಓಡಿಸಿದ್ರು. ಆದ್ರೆ ನನ್ನನ್ನ ಕೇಳಿದ್ರೆ ಈ ಶೋ ನಿಂತಿರೋದು ಲೂಯೀಸ್ ಮೇಲೆ, ಮತ್ತೆ ಆ ಮನೆ ಕೆಲಸಕ್ಕೆ ಬರೋ ಫ್ಲಾರೆನ್ಸ್ ಮೇಲೆ. ಇದನ್ನ ನಾನು ಸುಮ್ನೆ ಹೇಳ್ತಿಲ್ಲ, ಮೊದಲ ಎಪಿಸೋಡಲ್ಲೇ ಬರೆದವರು ಅದನ್ನ ತೋರಿಸಿಬಿಟ್ಟಿದ್ದಾರೆ.

ಆ ಎಪಿಸೋಡ್ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಕೇಳಿ. ಹೊಸ ಮನೆ, ಹೊಸ ಜನ, ಲೂಯೀಸ್‌ಗೆ ಮಾತಾಡೋಕೆ ಯಾರೂ ಇಲ್ಲ. ಆಗ ಅದೇ ಬಿಲ್ಡಿಂಗಲ್ಲಿ ಕೆಲಸ ಮಾಡೋ ಡಯಾನ್ ಅನ್ನೋ ಹೆಂಗಸಿನ ಪರಿಚಯ ಆಗತ್ತೆ, ಅವರೂ ಬ್ಲ್ಯಾಕು. ಡಯಾನ್ ಏನಂದ್ಕೊಳ್ತಾರೆ ಅಂದ್ರೆ, ಲೂಯೀಸ್ ಕೂಡ ತನ್ನ ಥರಾನೇ ಇಲ್ಲಿ ಯಾರದ್ದೋ ಮನೆ ಕೆಲಸದೋಳು ಅಂತ. ಯಾಕಂದ್ರೆ ಇಂಥ ಬಿಲ್ಡಿಂಗಲ್ಲಿ ಬ್ಲ್ಯಾಕ್ ಹೆಂಗಸು ಇನ್ಯಾವ ಕಾರಣಕ್ಕೆ ಇರ್ತಾಳೆ? ಲೂಯೀಸ್ ಅದನ್ನ ತಿದ್ದಲ್ಲ. ಅವಳೂ ಒಂದು ಕಾಲದಲ್ಲಿ ಬೇರೆಯವರ ಮನೇಲಿ ಕೆಲಸ ಮಾಡಿ ಬಂದೋಳೇ, ಸಿಕ್ಕಿರೋ ಒಬ್ಬ ಸ್ನೇಹಿತೆ ಕೈತಪ್ಪಿ ಹೋಗ್ತಾಳೆ ಅನ್ನೋ ಭಯ. ಈ ಕಡೆ ಜಾರ್ಜ್‌ಗೆ ಮಾತ್ರ ಮನೆಗೆ ಒಬ್ಬ ಕೆಲಸದೋಳು ಬೇಕೇ ಬೇಕು, ಶ್ರೀಮಂತರ ಮನೆ ಅಂದ್ರೆ ಅದು ಇರಲೇಬೇಕು ಅಂತ. ತಾನು ಮಾಡಿ ಬಂದ ಕೆಲಸಕ್ಕೆ ತಾನೇ ಇನ್ನೊಬ್ಬಳನ್ನ ಇಟ್ಕೊಳ್ಳೋದು ಹೇಗೆ ಅನ್ನೋದು ಲೂಯೀಸ್ ಸಂಕಟ. ಡಯಾನ್ ವಿಷಯ ಮುಂದೆ ಏನಾಗತ್ತೆ ಅಂತ ನಾನು ಹೇಳಲ್ಲ, ನೀವೇ ನೋಡಿ.

ಅಮ್ಮ ಇಲ್ಲಿಗೆ ಬಂದಾಗ ಈ ಎಪಿಸೋಡನ್ನ ಪಾಸ್ ಮಾಡಿ ಮಾಡಿ ಕನ್ನಡದಲ್ಲಿ ಹೇಳ್ತಾ ತೋರಿಸಿದ್ದೆ. ನಗೋ ಜಾಗದಲ್ಲೆಲ್ಲ ಅಮ್ಮ ಸುಮ್ನಿದ್ರು, ಲೂಯೀಸ್ ಅಡುಗೆಮನೇಲಿ ನಿಂತಿದ್ದಾಗ ಮಾತ್ರ, "ಪಾಪ, ಅವಳಿಗೆ ಆ ಮನೇಲಿ ಎಲ್ಲಿ ಕೂರಬೇಕು ಅಂತಲೇ ಗೊತ್ತಾಗ್ತಿಲ್ಲ ಕಣೇ" ಅಂದ್ರು. ನಾನು ಈ ಶೋ ಬಗ್ಗೆ ಓದಿದ ಎಷ್ಟೋ ಆರ್ಟಿಕಲ್‌ಗಳಲ್ಲಿ ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ.

ಎಪಿಸೋಡ್ ಕೊನೆಗೆ ಕೆಲಸ ಕೇಳ್ಕೊಂಡು ಫ್ಲಾರೆನ್ಸ್ ಬರ್ತಾಳೆ. ಮನೇಲಿ ಲೂಯೀಸ್ ಇದ್ದಾಳೆ, ಪಕ್ಕದಲ್ಲಿ ಹೆಲೆನ್ ವಿಲ್ಲಿಸ್ ಇದ್ದಾಳೆ, ಇವಳೂ ಅದೇ ಬಿಲ್ಡಿಂಗಲ್ಲಿರೋ ಬ್ಲ್ಯಾಕ್ ಹೆಂಗಸು. ಇಬ್ರೂ ಇಲ್ಲೇ ಇರೋದಾ ಅಂತ ಕೇಳ್ತಾಳೆ ಫ್ಲಾರೆನ್ಸ್, ಹೌದು ಅಂತಾರೆ. ಹಂಗಾದ್ರೆ ನಾವು ಗೆದ್ದಾಯ್ತಾ, ನಂಗ್ಯಾಕೆ ಯಾರೂ ಹೇಳಲೇ ಇಲ್ಲ, ಅನ್ನೋ ಅರ್ಥದಲ್ಲಿ ಒಂದು ಮಾತು ಹೇಳ್ತಾಳೆ. ಜನ ಬಿದ್ದು ಬಿದ್ದು ನಗ್ತಾರೆ. 60ರ ದಶಕದಲ್ಲಿ ಸಿವಿಲ್ ರೈಟ್ಸ್ ಮೆರವಣಿಗೆಗಳಲ್ಲಿ ಕೈ ಕೈ ಹಿಡ್ಕೊಂಡು ನಾವು ಒಂದಿನ ಗೆಲ್ತೀವಿ ಅಂತ ಹಾಡ್ತಿದ್ರಲ್ಲ, ಆ ಹಾಡಿನ ಮಾತನ್ನೇ ಅವಳು ತಗೊಂಡಿರೋದು. ಮಾರ್ಟಿನ್ ಲೂಥರ್ ಕಿಂಗ್ ಸತ್ತು ಆಗ ಇನ್ನೂ ಏಳು ವರ್ಷ ಕೂಡ ಆಗಿರ್ಲಿಲ್ಲ. ಯಾರು ಗೆದ್ರು, ಯಾರಿಗೆ ಸುದ್ದಿ ಇನ್ನೂ ಮುಟ್ಟಿಲ್ಲ ಅನ್ನೋದನ್ನ ಕೆಲಸ ಕೇಳ್ಕೊಂಡು ಬಂದೋಳ ಬಾಯಲ್ಲೇ ಹೇಳಿಸಿದ್ದಾರೆ, ಅದಕ್ಕೇ ನಂಗೆ ಈ ಸೀನ್ ಎಷ್ಟು ಸಲ ನೋಡಿದ್ರೂ ಮೈ ಜುಮ್ ಅನ್ನತ್ತೆ.

ಫ್ಲಾರೆನ್ಸ್ ಪಾತ್ರ ಮಾಡಿದ್ದು ಮಾರ್ಲಾ ಗಿಬ್ಸ್. ಮೊದಲು ಇದು ಆ ಒಂದು ಎಪಿಸೋಡಿನ ಪಾತ್ರ, ಜನಕ್ಕೆ ಎಷ್ಟು ಇಷ್ಟ ಆಯ್ತು ಅಂದ್ರೆ ಆಮೇಲೆ ಅವರನ್ನ ಬಿಡೋಕೆ ಆಗ್ಲಿಲ್ಲ. ಅವರು ಆವಾಗ ಯುನೈಟೆಡ್ ಏರ್‌ಲೈನ್ಸಲ್ಲಿ ಟಿಕೆಟ್ ರಿಸರ್ವೇಶನ್ ಕೆಲಸ ಮಾಡ್ತಿದ್ರು, ಶೋ ಹಿಟ್ ಆದ್ಮೇಲೂ ಸ್ವಲ್ಪ ಕಾಲ ಆ ಕೆಲಸ ಬಿಡ್ಲಿಲ್ಲ, ಶೂಟಿಂಗೂ ಮಾಡಿ ಆ ಡ್ಯೂಟಿನೂ ಮಾಡಿ. ಅಮೆರಿಕದ ಟಿವಿಲಿ ಅದಕ್ಕೂ ಮುಂಚೆ ಬ್ಲ್ಯಾಕ್ ಮನೆಕೆಲಸದವರ ಪಾತ್ರಗಳು ಇರ್ಲಿಲ್ಲ ಅಂತಲ್ಲ, 1950ರಲ್ಲೇ 'ಬ್ಯೂಲಾ' ಅಂತ ಒಂದು ಶೋ ಇತ್ತು, ಆದ್ರೆ ಅವಳ ಇಡೀ ಬದುಕು ಆ ಬಿಳಿಯರ ಮನೆಯೋರ ಕಷ್ಟ ಸುಖ ನೋಡ್ಕೊಳ್ಳೋದರಲ್ಲೇ ಮುಗಿಯೋದು. ಫ್ಲಾರೆನ್ಸ್ ಹಂಗಲ್ಲ. ಯಜಮಾನ ಒಂದು ಅಂದ್ರೆ ಇವಳು ಎರಡು ಅಂತಾಳೆ, ಕಾಲಿಂಗ್ ಬೆಲ್ ಹೊಡೆದ್ರೆ ಹತ್ತಿರ ಇರೋ ನೀನೇ ತೆಗಿ ಅನ್ನೋ ಥರ ನಿಲ್ತಾಳೆ, ಜಾರ್ಜ್ ಎಷ್ಟೇ ಕೂಗಾಡಿದ್ರೂ ಅವನ ಕುಳ್ಳ ದೇಹದಿಂದ ಹಿಡಿದು ಉದುರ್ತಿರೋ ಕೂದಲಿನ ತನಕ ಯಾವುದನ್ನೂ ಬಿಡಲ್ಲ. 1981ರಲ್ಲಿ ಅವಳನ್ನೇ ಹೀರೋಯಿನ್ ಮಾಡಿ ಬೇರೆ ಶೋ ಕೂಡ ಮಾಡಿದ್ರು, ನಾಲ್ಕೇ ಎಪಿಸೋಡಿಗೆ ನಿಂತೋಯ್ತು, ಇವಳು ವಾಪಸ್ ಇದೇ ಮನೆಗೆ ಬಂದ್ಲು.

ಇನ್ನು ಲೂಯೀಸ್ ಪಾತ್ರ ಮಾಡಿದ ಇಸಬೆಲ್ ಸ್ಯಾನ್‌ಫರ್ಡ್. ಹುಟ್ಟಿದ್ದು 1917ರಲ್ಲಿ, ಇದೇ ನ್ಯೂಯಾರ್ಕಲ್ಲಿ. ತೆರೆ ಮೇಲೆ ಗಂಡ ಆಗಿರೋ ಹೆಮ್ಸ್‌ಲಿಗಿಂತ 20 ವರ್ಷಕ್ಕೂ ದೊಡ್ಡೋರು, ನೋಡಿದ್ರೆ ಗೊತ್ತೇ ಆಗಲ್ಲ. 1967ರ 'ಗೆಸ್ ಹೂ ಈಸ್ ಕಮಿಂಗ್ ಟು ಡಿನ್ನರ್' ಸಿನಿಮಾದಲ್ಲಿ ಬಿಳಿಯರ ಮನೆ ಕೆಲಸದೋಳ ಪಾತ್ರ ಅವರದ್ದು, ಅಂದ್ರೆ ಕೆಲಸದೋಳ ಪಾತ್ರದಿಂದ ಮನೆಯೊಡತಿ ಪಾತ್ರಕ್ಕೆ ಬರೋ ಹೊತ್ತಿಗೆ ಅವರಿಗೆ 50 ದಾಟಿತ್ತು. 1981ರಲ್ಲಿ ಅವರಿಗೆ ಕಾಮಿಡಿ ಸೀರೀಸಿನ ಬೆಸ್ಟ್ ಆಕ್ಟ್ರೆಸ್ ಎಮ್ಮಿ, ಅಂದ್ರೆ ಅಮೆರಿಕದ ಟಿವಿಯ ದೊಡ್ಡ ಪ್ರಶಸ್ತಿ, ಬಂತು. ಆ ಪ್ರಶಸ್ತಿ ಗೆದ್ದ ಮೊದಲ ಬ್ಲ್ಯಾಕ್ ಮಹಿಳೆ ಅವರೇ. ಎರಡನೆಯೋರು ಗೆದ್ದಿದ್ದು ಯಾವಾಗ ಗೊತ್ತಾ? 2024ರ ಜನವರಿಲಿ, ಕ್ವಿಂಟಾ ಬ್ರನ್ಸನ್. ನಡುವೆ 40 ವರ್ಷಕ್ಕೂ ಜಾಸ್ತಿ! ಇದನ್ನ ನೆನೆಸ್ಕೊಂಡ್ರೆ ನಂಗೆ ನಿಜವಾಗ್ಲೂ ಸಿಟ್ಟು ಬರತ್ತೆ.

ಹೆಲೆನ್ ವಿಲ್ಲಿಸ್ ಅಂದ್ನಲ್ಲ, ಅವಳ ಗಂಡ ಟಾಮ್ ಬಿಳಿಯ. ಅಮೆರಿಕದ ಸುಪ್ರೀಂ ಕೋರ್ಟು ಬಿಳಿಯರು ಕರಿಯರು ಮದುವೆ ಆಗಬಾರದು ಅನ್ನೋ ಕಾನೂನುಗಳನ್ನ ಹೊಡೆದು ಹಾಕಿದ್ದೇ 1967ರಲ್ಲಿ, ಅಷ್ಟರವರೆಗೂ 16 ರಾಜ್ಯಗಳಲ್ಲಿ ಅದು ಅಪರಾಧ. ಅದಾಗಿ ಎಂಟೇ ವರ್ಷಕ್ಕೆ ಪ್ರೈಮ್ ಟೈಮಲ್ಲಿ ಪ್ರತಿ ವಾರ ಅಂಥ ಗಂಡ ಹೆಂಡ್ತಿನ ತೋರಿಸಿದ್ರು. ಹೆಲೆನ್ ಪಾತ್ರಕ್ಕೆ ರಾಕ್ಸಿ ರೋಕರ್‌ನ ತಗೊಳ್ಳುವಾಗ, ಬಿಳಿಯ ಗಂಡನ ಜೊತೆ ಆಕ್ಟ್ ಮಾಡೋಕೆ ನಿಮಗೇನೂ ಮುಜುಗರ ಇಲ್ವಾ ಅಂತ ಕೇಳಿದ್ರಂತೆ, ಅವರು ಪರ್ಸಿಂದ ತಮ್ಮ ಗಂಡನ ಫೋಟೋ ತೆಗೆದು ತೋರಿಸಿದ್ರು, ಅವರ ನಿಜವಾದ ಗಂಡನೂ ಬಿಳಿಯರೇ. ಇವರ ಮಗ ಯಾರು ಗೊತ್ತಾ, ರಾಕ್ ಸಿಂಗರ್ ಲೆನ್ನಿ ಕ್ರಾವಿಟ್ಜ್. ಶೋಲಿ ಹೆಲೆನ್ ಟಾಮ್ ಮಗಳು ಜೆನ್ನಿನ ಜಾರ್ಜ್ ಮಗ ಲಯನಲ್ ಪ್ರೀತಿಸಿ ಮದುವೆ ಆಗ್ತಾನೆ, ಜಾರ್ಜ್‌ಗೆ ಅದು ನುಂಗಲಾರದ ತುತ್ತು, ಬೀಗರ ಮಕ್ಕಳನ್ನ ಝೀಬ್ರಾ ಅಂತ ಎಲ್ಲ ಹಂಗಿಸ್ತಾನೆ. ಜಾರ್ಜ್ ಒಳ್ಳೆಯೋನೇನಲ್ಲ ಅಂತ ತೋರಿಸೋ ಧೈರ್ಯ ಬರೆದವರಿಗಿತ್ತು, ಕಷ್ಟ ಉಂಡು ಬಂದೋನಿಗೂ ಇನ್ನೊಬ್ಬರ ಮೇಲೆ ಅಸಡ್ಡೆ ಇರಬಹುದು. ಬ್ಯಾಂಕ್ ಯಜಮಾನ ವಿಟೆಂಡೇಲ್ ಮುಂದೆ ಅದೇ ಜಾರ್ಜ್ ಹೇಗೆ ಹಲ್ಲು ಗಿಂಜ್ತಾನೆ ನೋಡಿ. ಅತ್ತೆ ಬೇರೆ ಇದ್ದಾರೆ, ಝಾರಾ ಕಲ್ಲಿ ಮಾಡಿದ ಮದರ್ ಜೆಫರ್ಸನ್, ಸೊಸೆ ಏನು ಮಾಡಿದ್ರೂ ಕೊಂಕು ತೆಗೆಯೋರು. ಆ ಸೀನ್‌ಗಳಿಗೆ ನಮ್ಮೋರಿಗೆ ಯಾವ ಸಬ್‌ಟೈಟಲ್ಲೂ ಬೇಕಾಗಲ್ಲ.

ಇದೆಲ್ಲ ಹೊಂದಿಸ್ಕೊಂಡು ಹೋಗೋಳು ಯಾರು? ಲೂಯೀಸ್. ಜಾರ್ಜ್ ಮುರಿದ ಸಂಬಂಧಗಳನ್ನೆಲ್ಲ ಹಿಂದೆ ಹೋಗಿ ರಿಪೇರಿ ಮಾಡೋಳು ಅವಳು. ಹೆಲೆನ್ ಜೊತೆ ಸ್ನೇಹ ಮಾಡ್ತಾಳೆ, ಊರಿಗೆ ಉಪಕಾರ ಆಗಲಿ ಅಂತ ಹೆಲ್ಪ್ ಸೆಂಟರಲ್ಲಿ ದುಡ್ಡಿಲ್ದೆ ಕೆಲಸ ಮಾಡ್ತಾಳೆ, ಗಂಡ ತಾನಿಟ್ಟ ಅಡ್ಡಹೆಸರಲ್ಲಿ ವೀಝಿ ಅಂತ ಕೂಗಿದ್ರೆ ಅವನ ದನಿಯಲ್ಲೇ ಏನೋ ಎಡವಟ್ಟು ಮಾಡ್ಕೊಂಡು ಬಂದಿದ್ದಾನೆ ಅಂತ ತಿಳ್ಕೊಳ್ತಾಳೆ.

ಒಂದು ಬೇಜಾರು ಏನಂದ್ರೆ, 1985ರ ಜುಲೈ 2ಕ್ಕೆ ಕೊನೇ ಎಪಿಸೋಡ್ ಬಂತು, ಅದು ಮುಕ್ತಾಯ ಅಂತ ಬರೆದಿದ್ದೇ ಅಲ್ಲ. ಹತ್ತು ವರ್ಷ ಮನೆಮಂದಿ ಥರ ಇದ್ದವರಿಗೆ ಒಂದು ಬೀಳ್ಕೊಡುಗೆನೂ ಕೊಡದೆ ಶೋ ನಿಲ್ಲಿಸಿದ್ರು. 2019ರ ಮೇ 22ರಂದು ಎಬಿಸಿ ಚಾನೆಲ್ಲಲ್ಲಿ ಮೊದಲ ಎಪಿಸೋಡನ್ನೇ ಮತ್ತೆ ಲೈವ್ ಆಗಿ ಆಡಿದ್ರು, ಜೇಮಿ ಫಾಕ್ಸ್ ಜಾರ್ಜ್, ವಾಂಡಾ ಸೈಕ್ಸ್ ಲೂಯೀಸ್. ಕೆಲಸ ಕೇಳ್ಕೊಂಡು ಬರೋ ಫ್ಲಾರೆನ್ಸ್ ಯಾರು ಅಂತ ಹೇಳೇ ಇರ್ಲಿಲ್ಲ, ಬಾಗಿಲು ತೆಗೆದ್ರೆ ಸ್ವತಃ ಮಾರ್ಲಾ ಗಿಬ್ಸ್, 87 ವಯಸ್ಸು! ಜನ ಚಪ್ಪಾಳೆ ನಿಲ್ಲಿಸ್ತಾನೇ ಇಲ್ಲ.

ನೋಡೋಕೆ ಶುರು ಮಾಡೋದಾದ್ರೆ ಮೊದಲ ಎಪಿಸೋಡಿಂದ ಶುರು ಮಾಡಿ, ಆಮೇಲೆ ಸೀದಾ 1980ರ 'ದ ಫಸ್ಟ್ ಸ್ಟೋರ್' ನೋಡಿ. ಜಾರ್ಜ್ ತನ್ನ ಮೊದಲ ಅಂಗಡಿ ತೆಗೆಯೋ ಖುಷೀಲಿರೋ ಹೊತ್ತಿಗೆ ಕಿಂಗ್ ಅವರ ಕೊಲೆ ಸುದ್ದಿ ಬರತ್ತೆ, 1968ರ ಏಪ್ರಿಲ್ 4. ಅದರಲ್ಲಿ ಜಾರ್ಜ್ ಮಾತು ಕೇಳಿಸ್ಕೊಳ್ಳಿ, ಆದ್ರೆ ಅವನು ಮಾತಾಡುವಾಗೆಲ್ಲ ಲೂಯೀಸ್ ಮುಖ ನೋಡ್ತಿರಿ. ನೋಡಿದೋರು ಕೆಳಗೆ ಬರೀರಿ, ನಿಮಗೇನನ್ನಿಸ್ತು ಅಂತ.